ಹೆಬ್ಬೆರಳಿಗೆ ಒಡೆದ ಗುಂಪು

ನಮ್ಮ ಓಣಿಯವರು ವಾಟ್ಸ್‌ಆ್ಯಪ್ ಗುಂಪು ಕಟ್ಟಿದ್ದು ಒಂದೇ ಕಾರಣಕ್ಕೆ: ನಳ ಯಾವಾಗ ಬರುತ್ತದೆಂದು ತಿಳಿಯಲು. ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸವದತ್ತಿಯ ಮಲಪ್ರಭೆಯಿಂದ ಹೊರಟ ನೀರು ನಮ್ಮ ಮನೆ ಮುಟ್ಟುವುದು ದಿನಗಟ್ಟಲೆ ಕಾಯಿಸಿ, ಅದೂ ಸರಿರಾತ್ರಿಯಲ್ಲಿ.

ಬೇಸಿಗೆಯಲ್ಲಿ ಒಂದು ಸಂಜೆ, ತುದಿಮನೆಯ ವೈನಿ "ನಾಳೆ ನಳ ಬರುತ್ತದೆಯೇ?" ಎಂದು ಕೇಳಿದರು. ಬರುತ್ತದೆ, ಇಲ್ಲ, ಇವೆರಡನ್ನು ಬಿಟ್ಟು ಉಳಿದ ಉತ್ತರಗಳೆಲ್ಲ ಬಂದವು. ಒಬ್ಬರು "ನಿನ್ನೆಯೇ ಹಾಕಿದ್ದೇನೆ, ಮೇಲೆ ನೋಡಿರಿ" ಎಂದರು. ಇನ್ನೊಬ್ಬರು ಸೂರ್ಯೋದಯದ ಚಿತ್ರದೊಂದಿಗೆ ಶುಭೋದಯ ಕೋರಿದರು. ಮತ್ತೊಬ್ಬರು ನಳಕ್ಕೆ ಮೋಟಾರು ಹಚ್ಚುವವರ ಸಂಸ್ಕಾರವನ್ನು ಜಾಲಾಡಿದರು. ಯಾರ ಹೆಸರನ್ನೂ ಎತ್ತಲಿಲ್ಲ. ಮೋಟಾರು ಇದ್ದವರೆಲ್ಲ ತಾವಾಗಿಯೇ ಎದ್ದು ನಿಂತರು.

ಇದರ ಕೆಳಗೆ ನಮ್ಮ ನಿವೃತ್ತ ಮಾಸ್ತರರು ಒಂದು ಹೆಬ್ಬೆರಳು ಎತ್ತಿ ಹಾಕಿದರು. ಅವರ ಪ್ರಕಾರ ಅದಕ್ಕೆ "ಓದಿದೆ" ಎಂದಷ್ಟೇ ಅರ್ಥ. ಪಿಂಚಣಿಯ ಸುದ್ದಿಗೂ ಸಾವಿನ ಸುದ್ದಿಗೂ ಅವರದು ಅದೇ ಬೆರಳು. ಆದರೆ ಮೋಟಾರಿನವರು "ಮಾಸ್ತರರೇ, ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ" ಎಂದರು. ಹುಬ್ಬಳ್ಳಿಯಿಂದ ಬಂದು ನೆಲೆಸಿದವರೊಬ್ಬರು "ಧಾರವಾಡದವರು ಹೀಗೆಯೇ" ಎಂದು ತೀರ್ಪು ಕೊಟ್ಟರು. ಅಲ್ಲಿಗೆ ನೀರು ಹೋಗಿ ಪೇಢೆ, ಗಿರಮಿಟ್ಟು, ಹೈಕೋರ್ಟ್ ಪೀಠ, ರೈಲು ನಿಲ್ದಾಣ ಎಲ್ಲ ಬಂದವು.

ಕಳಿಸಿದ ಮಾತನ್ನು 15 ನಿಮಿಷದೊಳಗೆ ತಿದ್ದುವ ಸೌಲಭ್ಯ ಇದೆಯಲ್ಲ, ಸಂಸ್ಕಾರದವರು ಹೆದರಿ ತಮ್ಮ ಬರಹವನ್ನು "ಎಲ್ಲರಿಗೂ ವಂದನೆಗಳು" ಎಂದು ತಿದ್ದಿದರು. ಅದಕ್ಕೆ ಬಂದ ಉತ್ತರಗಳನ್ನು ಯಾರು ತಿದ್ದಬೇಕು? ತಡವಾಗಿ ಮೊಬೈಲ್ ತೆರೆದವರಿಗೆ ಕಂಡದ್ದು ಇಷ್ಟು: ಸಜ್ಜನರೊಬ್ಬರು ವಂದನೆ ಹೇಳಿದ್ದಾರೆ, ಓಣಿಯೆಲ್ಲ ಸೇರಿ ಅವರನ್ನು ಬಾಯಿಗೆ ಬಂದಂತೆ ಬೈದಿದೆ. ಹೀಗಾಗಿ ತಡವಾಗಿ ಬಂದವರು ಅವರ ಪರ ನಿಂತು ಹೊಸದಾಗಿ ಜಗಳ ಶುರು ಮಾಡಿದರು.

ಇದೇ ಜನ ಬೆಳಿಗ್ಗೆ ಹಾಲಿನ ಅಂಗಡಿಯ ಮುಂದೆ "ಬನ್ನಿರಿ, ಚಹಾ ಕುಡಿಯೋಣ" ಎನ್ನುತ್ತಾರೆ. ಎದುರು ನಿಂತಾಗ ಬಾಯಲ್ಲಿ ಎಲೆ-ಅಡಿಕೆ ಇರುತ್ತದೆ, ಅರ್ಧ ಜಗಳ ಅದರ ಜೊತೆಗೇ ಉಗುಳಿಹೋಗುತ್ತದೆ. ಬೆರಳಿಗೆ ಆ ಅನುಕೂಲ ಇಲ್ಲ.

1962ರಲ್ಲಿ ಒಂದಾದ ಹುಬ್ಬಳ್ಳಿ-ಧಾರವಾಡ ಪಾಲಿಕೆಯನ್ನು ಬೇರೆ ಮಾಡಲು ಸಚಿವ ಸಂಪುಟ ಒಪ್ಪಿದ್ದು 2025ರ ಜನವರಿಯಲ್ಲಿ. ನಮ್ಮ ಗುಂಪು ಒಂದೇ ರಾತ್ರಿಯಲ್ಲಿ ಎರಡಾಯಿತು. ಮಾಸ್ತರರನ್ನು ಬಿಟ್ಟು ಕಟ್ಟಿದ ಹೊಸ ಗುಂಪಿನಲ್ಲಿ ಬಹುತೇಕ ಎಲ್ಲರೂ ಇದ್ದೇವೆ, ಹಳೆಯದನ್ನೂ ಬಿಟ್ಟಿಲ್ಲ. ಅಲ್ಲಿ ನಮ್ಮ ಬಗ್ಗೆ ಏನು ಬರೆಯುತ್ತಾರೆಂದು ನೋಡಬೇಡವೇ? ಒಂದು ಕಡೆ ಹಬ್ಬದ ಶುಭಾಶಯ ಹಾಕಿದರೆ ಇನ್ನೊಂದು ಕಡೆಯೂ ಹಾಕಬೇಕು, ಇಲ್ಲವಾದರೆ ಪಕ್ಷ ಹಿಡಿದಂತೆ. ಮಾಸ್ತರರಿಗೆ ಹೊಸ ಗುಂಪಿನ ಸುಳಿವೇ ಇಲ್ಲವೆಂದು ಎಲ್ಲರ ನಂಬಿಕೆ. ಅವರ ಹೆಂಡತಿಯ ನಂಬರು ಅದರಲ್ಲಿದೆ. ಆಗಾಗ ಅಲ್ಲಿಂದ ಒಂದು ಹೆಬ್ಬೆರಳು ಬೀಳುತ್ತದೆ.