ಬಣ್ಣದ ಲೆಕ್ಕ

ಯಕ್ಷಗಾನ ಕಲಾವಿದರೊಬ್ಬರ ಹಿರಿತನವನ್ನು ತಿಳಿಯಬೇಕಾದರೆ ನಮ್ಮ ಕರಾವಳಿಯಲ್ಲಿ ಅವರ ವಯಸ್ಸನ್ನು ಕೇಳುವುದಿಲ್ಲ. ತಂಡದ ಜೊತೆ ಊರೂರು ಸುತ್ತುವ ತಿರುಗಾಟ ಎಷ್ಟಾಯಿತು, ಬಣ್ಣ ಹಚ್ಚಲು ತೊಡಗಿ ಎಷ್ಟು ವರ್ಷವಾಯಿತು ಎಂದು ಕೇಳುತ್ತಾರೆ. ಮುಖಕ್ಕೆ ಹಚ್ಚಿ ಬೆಳಗಾಗುವಷ್ಟರಲ್ಲಿ ಒರೆಸಿಬಿಡುವ ವಸ್ತುವಿನಿಂದ ಒಂದು ಇಡೀ ಆಯುಷ್ಯವನ್ನು ಅಳೆಯುವ ಈ ಪದ್ಧತಿ ನನಗೆ ಬಹಳ ಇಷ್ಟ.

ಬಣ್ಣದ ರಾಜ್ಯವಿರುವುದು ಚೌಕಿಯಲ್ಲಿ, ಅಂದರೆ ವೇಷ ಕಟ್ಟಿಕೊಳ್ಳುವ ಬಿಡಾರದಲ್ಲಿ. ಗಣಪತಿಯ ಮುಂದೆ ದೀಪ, ಎರಡೂ ಬದಿಗೆ ಸಾಲಾಗಿ ಕುಳಿತ ವೇಷಧಾರಿಗಳು, ಒಬ್ಬೊಬ್ಬರ ಮುಂದೆಯೂ ಒಂದೊಂದು ಪೆಟ್ಟಿಗೆ, ಕೈಯಲ್ಲೊಂದು ಕನ್ನಡಿ. ಸಫೇದ, ಅರದಾಳ, ಇಂಗಳೀಕ, ಕಾಡಿಗೆ ಎಂಬ ನಾಲ್ಕಾರು ಬಣ್ಣದ ಹೆಸರುಗಳಲ್ಲೇ ದೇವರೂ ದಾನವರೂ ಅಡಗಿರುತ್ತಾರೆ. ಹುಬ್ಬಿನ ಗೆರೆಯೊಂದನ್ನು ತಿದ್ದುತ್ತಿರುವವರನ್ನು ಮಾತನಾಡಿಸಬಾರದೆಂಬುದು ಚಿಕ್ಕಂದಿನಲ್ಲೇ ನನಗೆ ಅರ್ಥವಾಗಿತ್ತು. ಉತ್ತರ ಬಂದರೆ ಅದು ಯಾರ ದನಿಯಲ್ಲಿ ಬರುತ್ತದೆಯೋ ಎಂಬ ಅಳುಕೂ ಇತ್ತೆನ್ನಿ.

ಹೊನ್ನಾವರ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 1933ರಲ್ಲಿ ಹುಟ್ಟಿದವರು. ಶಾಲೆ ಎರಡನೆಯ ತರಗತಿಗೇ ಮುಗಿಯಿತು. ಬಣ್ಣದ ಸಹವಾಸ ಮಾತ್ರ ಎಂಬತ್ತು ದಾಟಿದರೂ ಬಿಡಲಿಲ್ಲ. 2012ರಲ್ಲಿ ಪದ್ಮಶ್ರೀ ಬಂದಾಗ ಊರೆಲ್ಲ ಸಂಭ್ರಮಿಸಿತಾದರೂ ಅವರ ಅಭಿಮಾನಿಗಳಿಗೆ ನಿಜವಾದ ಸುದ್ದಿಯೆಂದರೆ ಮುಂದಿನ ಆಟ ಎಲ್ಲಿ, ವೇಷ ಕೀಚಕನದೋ ಭಸ್ಮಾಸುರನದೋ ಎಂಬುದೇ ಆಗಿತ್ತು. ಭಸ್ಮಾಸುರ ಮೋಹಿನಿಯ ಹಿಂದೆ ಕುಣಿಯುತ್ತ ಕೊನೆಗೆ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಳ್ಳುತ್ತಾನೆಂಬುದು ಎದುರಿಗೆ ಚಾಪೆ ಹಾಸಿ ಕುಳಿತ ಅಜ್ಜಿಗೂ ಗೊತ್ತು, ಅವಳ ಮಡಿಲಲ್ಲಿ ತೂಕಡಿಸುವ ಮೊಮ್ಮಗನಿಗೂ ಗೊತ್ತು. ಆದರೂ ಚಿಟ್ಟಾಣಿಯವರ ಭಸ್ಮಾಸುರನ ಕೈ ಮೇಲೇಳುವಾಗ, ಇವತ್ತೊಂದು ದಿನ ಅವನು ಎಚ್ಚತ್ತುಕೊಂಡಾನೇ ಎಂಬ ಆಸೆ ಹುಟ್ಟುತ್ತಿತ್ತು. ದುಷ್ಟನೊಬ್ಬನ ಮೇಲೆ ಇಷ್ಟು ಮರುಕ ಬರಿಸುವುದು ಸರಿಯೇ ಎಂದು ವಾದಿಸುವ ಪಂಡಿತರು ಇರಬಹುದು; ನಾನಂತೂ ಅವರ ಪಕ್ಷದವನಲ್ಲ. 2017ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ಎಷ್ಟೋ ಮಂದಿ ಅಳುವುದಕ್ಕೆ ಮೊದಲು ಆ ಕುಣಿತವನ್ನು ನೆನೆದರು.

ಅದೇ ತಾಲ್ಲೂಕಿನ ಕೆರೆಮನೆ ಶಂಭು ಹೆಗಡೆಯವರದು ಇನ್ನೂ ವಿಚಿತ್ರ ಯೋಗ. ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವೆಂಬ ಯಕ್ಷಗಾನ ತಂಡವನ್ನು ಮುನ್ನಡೆಸಿದ ಅವರು, 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲೇ ರಾಮನ ವೇಷ ಮಾಡುತ್ತಿದ್ದಾಗ ಅಸ್ವಸ್ಥರಾಗಿ ಕೊನೆಯುಸಿರೆಳೆದರು. ನಿವೃತ್ತಿಯೆಂಬ ಪದಕ್ಕೆ ಚೌಕಿಯಲ್ಲಿ ಪೆಟ್ಟಿಗೆಯಿಡುವಷ್ಟೂ ಜಾಗವಿಲ್ಲ. ಬೇಸಗೆಯ ಕೊನೆಗೆ ಬರುವ ಪತ್ತನಾಜೆಯ ದಿನ ತುಳುನಾಡಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನಿಜ. ಅದು ಮಳೆಗಾಲದ ವಿರಾಮ ಮಾತ್ರ.

ಇಷ್ಟೆಲ್ಲ ಹೇಳುವ ನಾನು ಬಣ್ಣವಿಲ್ಲದ ಕಲಾವಿದನನ್ನು ಗುರುತಿಸುವುದರಲ್ಲಿ ಬಹಳ ದಡ್ಡ. ಆಟ ಮುಗಿದ ಒಂದು ಬೆಳಗಿನ ಜಾವ ಚೌಕಿಯ ಹಿಂದೆ ಒಬ್ಬರು ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು ಮುಖ ತಿಕ್ಕುತ್ತಿದ್ದರು. ಅರ್ಧ ಮುಖದಲ್ಲಿ ರಾವಣನಿನ್ನೂ ಇದ್ದ, ಇನ್ನರ್ಧದಲ್ಲಿ ನಿದ್ದೆಗೆಟ್ಟ ಮಧ್ಯವಯಸ್ಕರೊಬ್ಬರು ಕಾಣಿಸತೊಡಗಿದ್ದರು. ಯಾವ ಕಣ್ಣನ್ನು ನೋಡಿ ಮಾತನಾಡಲಿ ಎಂದು ತಿಳಿಯದೆ ನಿಂತಿದ್ದಾಗ ಅವರೇ, "ತಮಾ, ಮೊದಲ ಬಸ್ಸು ಹೋಯ್ತಾ?" ಎಂದು ಕೇಳಿದರು.