ಕಲ್ಯಾಣ ಕರ್ನಾಟಕದ ದುಡ್ಡು ರಿಯಲ್-ಟೈಮ್ ಪಿಎಚ್‌ಡಿಗೆ ಬೇಕಾ?

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಒಂದು ಪಾಲನ್ನು, ಕಲಬುರಗಿಯಲ್ಲೇ ಕೂತು ರಿಯಲ್-ಟೈಮ್ ಎಂಬೆಡೆಡ್ ಕಂಪ್ಯೂಟಿಂಗ್‌ನಲ್ಲಿ (ಯಂತ್ರದೊಳಗೇ ಕೂತು, ಹೇಳಿದ ಹೊತ್ತಿಗೆ ಕೆಲಸ ಮುಗಿಸಬೇಕಾದ ಕಂಪ್ಯೂಟರುಗಳ ವಿಷಯ) ಸಂಶೋಧನೆ ಮಾಡುವವರಿಗೆ ಕೊಡಬೇಕೇ?

ಪರ

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಪರೀಕ್ಷೆ ಬರೆಯಲು ಹೊರಟವರು, ಆಳಂದ ಬಸ್ಸು ದಿನಾ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ನೋಡುವುದಿಲ್ಲ. ತೀರಾ ತಡವಾದರೆ ಎಷ್ಟಾದೀತು ಎಂದು ಲೆಕ್ಕ ಹಾಕಿ ಮನೆ ಬಿಡುತ್ತಾರೆ. ಈ ವಿಷಯದ ತಿರುಳೂ ಅದೇ. ವಿಡಿಯೊದಲ್ಲಿ ಒಂದು ಫ್ರೇಮ್ ತಪ್ಪಿದರೆ ಏನೂ ಆಗಲ್ಲ. ಅದು ಸಾಫ್ಟ್ ರಿಯಲ್-ಟೈಮ್. ಕಾರಿನ ಏರ್‌ಬ್ಯಾಗ್ ತಡವಾಗಿ ಉಬ್ಬಿದರೆ? ಅದು ಹಾರ್ಡ್.

ಒಂದೇ ಚಿಪ್ಪಿನಲ್ಲಿ ಹಲವು ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು, ಇರುವ ಇವತ್ತಿನ ಬಹು-ಕೋರ್ ಚಿಪ್‌ಗಳು ಸರಾಸರಿ ಲೆಕ್ಕದಲ್ಲಿ ಬಲು ಚುರುಕು. ಆದರೆ ಬೇಕಾದ ಡೇಟಾ ಕ್ಯಾಷ್‌ನಲ್ಲಿ (ಚಿಪ್ಪಿನೊಳಗಿನ ಚಿಕ್ಕ, ಚುರುಕು ಮೆಮೊರಿ) ಸಿಗದೆ, ಕೋರ್‌ಗಳೆಲ್ಲ ಒಂದೇ ಮೆಮೊರಿಗೆ ಮುಗಿಬಿದ್ದರೆ, ಕೆಲಸ ಯಾವಾಗ ಮುಗಿದೀತು ಎಂದು ಖಾತ್ರಿ ಹೇಳುವುದು ಕಷ್ಟ. ಈ ಗಂಟು ಇನ್ನೂ ಪೂರ್ತಿ ಬಿಚ್ಚಿಲ್ಲ.

1997ರಲ್ಲಿ ಮಂಗಳದ ಮೇಲಿಳಿದ ನಾಸಾದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು. ಕಡಿಮೆ ಆದ್ಯತೆಯ ಕೆಲಸವೊಂದು, ಒಂದು ಸಲಕ್ಕೆ ಒಬ್ಬರೇ ಬಳಸಬಹುದಾದ ಸೌಲಭ್ಯದ ಕೀಲಿ ಹಿಡಿದು ಕೂತಿತ್ತು. ತುರ್ತಿನ ಕೆಲಸ ಅದಕ್ಕಾಗಿ ಕಾಯುತ್ತಿತ್ತು. ನಡುವೆ ಬೇರೆ ಕೆಲಸಗಳು ನುಗ್ಗಿದವು. ಕೀಲಿ ಹಿಡಿದವನಿಗೆ ಕಾಯುವವನ ಆದ್ಯತೆಯನ್ನೇ ಕೊಟ್ಟಾಗ ಸರಿಹೋಯಿತು. ಇಂಥದ್ದನ್ನು ಯೋಚಿಸುವವರು ಬೇಕು, ಅಲ್ವಾ? ಬೀದರ್‌ನ ಆಕಾಶದಲ್ಲಿ ಸೂರ್ಯಕಿರಣ ವಿಮಾನಗಳನ್ನು ನೋಡಿ ಬೆಳೆದ ಮಕ್ಕಳು, ವಿಮಾನ ನಡೆಸುವ ಸಾಫ್ಟ್‌ವೇರ್ ಓದಲು ಬೆಂಗಳೂರಿಗೇ ಯಾಕೆ ಹೋಗಬೇಕು? ಕಲಬುರಗಿಯಲ್ಲಿ ಪಿಡಿಎ ಎಂಜಿನಿಯರಿಂಗ್ ಕಾಲೇಜು 1958ರಿಂದ ಇದೆ.

ವಿರೋಧ

ಪಾತ್‌ಫೈಂಡರ್ ಕಥೆ ಹೇಳುವುದಾದರೆ ಪೂರ್ತಿ ಹೇಳಿ. ಕೀಲಿ ಹಿಡಿದವನಿಗೆ ಆದ್ಯತೆ ಕೊಡುವ ಆ ಮದ್ದಿನ ಪ್ರಬಂಧ 1990ರಲ್ಲೇ ಬಂದಿತ್ತು. ನೌಕೆಯ ಆಪರೇಟಿಂಗ್ ಸಿಸ್ಟಮ್ ವಿಎಕ್ಸ್‌ವರ್ಕ್ಸ್‌ನಲ್ಲಿ ಆ ಸೌಲಭ್ಯ ಇತ್ತು ಕೂಡ. ಆ ಒಂದು ಕೀಲಿಗೆ ಅದನ್ನು ಆನ್ ಮಾಡಿರಲಿಲ್ಲ, ಅಷ್ಟೇ. ಅಲ್ಲಿ ಕಡಿಮೆ ಬಿದ್ದದ್ದು ಸಂಶೋಧನೆಯೋ, ಇದ್ದದ್ದನ್ನು ಬಳಸುವ ಎಚ್ಚರವೋ? (1990ರ ಆ ಪ್ರಬಂಧ ಸುಮ್ನೆ ಬಂತಾ ಎಂದು ಪರದವರು ಕೇಳಬಹುದು. ಕೇಳಲಿ, ನ್ಯಾಯದ ಮಾತೇ.)

2023ರ ಜನವರಿಯಿಂದ, ಪಿಎಚ್‌ಡಿ ಮಾಡುವವರಿಗೆ ಮೊದಲು ಸಿಗುವ ಫೆಲೋಶಿಪ್ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ. ಆಮೇಲೆ ಹಿರಿಯ ಫೆಲೋಶಿಪ್ ಎಸ್‌ಆರ್‌ಎಫ್ 42,000. ಆ ದರದಲ್ಲೇ ಕೊಟ್ಟರೂ ಐದು ವರ್ಷಕ್ಕೆ ಒಬ್ಬರಿಗೆ 24 ಲಕ್ಷ. ಬಾಡಿಗೆ ಭತ್ಯೆ, ಆಸಿಲೋಸ್ಕೋಪ್‌ನಂಥ ಅಳತೆ ಉಪಕರಣ ಬೇರೆ. ಫ್ರೀಆರ್‌ಟಿಒಎಸ್ ಎಂಬ ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಮ್ ಪುಕ್ಕಟೆ ಸಿಗುತ್ತದೆ, ಅದನ್ನು ಓಡಿಸುವ ಬೋರ್ಡು ಕೆಲವು ನೂರು ರೂಪಾಯಿಗೆ ಬರುತ್ತದೆ. ಇದೇ ದುಡ್ಡಲ್ಲಿ ಯಾದಗಿರಿ ಜಿಲ್ಲೆಯ ಡಿಪ್ಲೊಮಾ ಮಕ್ಕಳ ಕೈಗೆಲ್ಲ ಒಂದೊಂದು ಬೋರ್ಡು ಕೊಟ್ಟು, ಕಲಿಸುವವರನ್ನೂ ಇಡಬಹುದು.

ಇನ್ನೊಂದು ಮಾತು. ಹಣ ಮಂಜೂರಾಗುವುದು ಬೇರೆ, ಕೈಗೆ ಬರುವುದು ಬೇರೆ. ನನ್ನ ಪರಿಚಯದ ಹುಡುಗಿಯೊಬ್ಬಳು ಡೆಡ್‌ಲೈನ್ ತಪ್ಪದ ಶೆಡ್ಯೂಲಿಂಗ್ (ಯಾವ ಕೆಲಸ ಯಾವಾಗ ಓಡಬೇಕು ಎಂಬ ಸರದಿ) ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ನಾಲ್ಕು ತಿಂಗಳಿಂದ ಫೆಲೋಶಿಪ್ ಬಂದಿಲ್ಲ. ಹೇಗೆ ನಡೀತಿದೆ ಎಂದು ಕೇಳಿದೆ. "ನನ್ನ ಹೊಟ್ಟೀನ ಸಾಫ್ಟ್ ರಿಯಲ್-ಟೈಮ್ ಅಂತ ತಿಳ್ಕೊಂಡಾರ್ರಿ" ಅಂದಳು.