ಲೀಗ್ ಯಾವಾಗ ಶುರುವೆಂದು ನಾವು ಯಾರನ್ನು ಕೇಳಬೇಕು?

2025ರ ಆಗಸ್ಟ್‌ನಲ್ಲಿ, ಜರ್ಮನಿಯ ಫುಟ್‌ಬಾಲ್ ಲೀಗ್ ಬುಂಡೆಸ್‌ಲಿಗಾದ ಹೊಸ ಋತು ಆರಂಭವಾಗಲಿದ್ದ ವಾರ, ಸ್ಟುಟ್‌ಗಾರ್ಟ್‌ನ ನನ್ನ ಕಚೇರಿಯಲ್ಲಿ ಜರ್ಮನ್ ಸಹೋದ್ಯೋಗಿಯೊಬ್ಬರು ‘ನಿಮ್ಮ ಬೆಂಗಳೂರು ತಂಡದ ಮೊದಲ ಪಂದ್ಯ ಯಾವತ್ತು?’ ಎಂದು ಸಹಜವಾಗಿ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಇಂಡಿಯನ್ ಸೂಪರ್ ಲೀಗ್ ನಡೆಸುವವರು ಜುಲೈನಲ್ಲೇ ಅದನ್ನು ತಡೆಹಿಡಿದಿದ್ದರು. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತ್ತು. ಇಷ್ಟನ್ನು ಹೇಳಿದೊಡನೆ ಅವರು, ‘ಹಾಗಾದರೆ ಕ್ಲಬ್‌ನ ಸದಸ್ಯರು ಏನು ಮಾಡುತ್ತಿದ್ದಾರೆ?’ ಎಂದರು. ನಮ್ಮ ಕ್ಲಬ್‌ಗೆ ಅಭಿಮಾನಿಗಳಿದ್ದಾರೆಯೇ ಹೊರತು ಸದಸ್ಯರಿಲ್ಲ ಎಂದು ವಿವರಿಸಬೇಕಾಗಿ ಬಂದಾಗ ಮನಸ್ಸಿಗೆ ನಾಟಿದ ಮುಳ್ಳು ಇನ್ನೂ ಹೊರಬಂದಿಲ್ಲ.

ಇಲ್ಲಿನವರಿಗೆ ಅದು ತೀರ ಸಾಮಾನ್ಯವಾದ ಪ್ರಶ್ನೆ. ಜರ್ಮನಿಯಲ್ಲಿ 1998ರಿಂದ ಇರುವ ನಿಯಮದಂತೆ, ವೃತ್ತಿಪರ ತಂಡವನ್ನು ಕಂಪನಿಯಾಗಿ ಬೇರ್ಪಡಿಸಿದರೂ ಅದರ ಮತಗಳಲ್ಲಿ ಅರ್ಧಕ್ಕಿಂತ ಒಂದಾದರೂ ಹೆಚ್ಚು ಮೂಲ ಕ್ಲಬ್‌ನ, ಅಂದರೆ ವರ್ಷಕ್ಕೊಮ್ಮೆ ಶುಲ್ಕ ಕಟ್ಟುವ ಸಾಮಾನ್ಯ ಸದಸ್ಯರ ಕೈಯಲ್ಲಿರಬೇಕು. ಸ್ಟುಟ್‌ಗಾರ್ಟ್‌ನ ತಂಡದಲ್ಲಿ ಮರ್ಸಿಡಿಸ್ ಮತ್ತು ಪೋರ್ಷೆ ಎರಡೂ ಪಾಲು ಹೊಂದಿವೆ. ಬಹುಮತ ಮಾತ್ರ ಸದಸ್ಯರದ್ದೇ. ನಾನೂ ಆ ಸದಸ್ಯರಲ್ಲೊಬ್ಬ. ಈ ನಿಯಮಕ್ಕಿರುವ ಬೆಲೆ ನನಗೆ ಮನದಟ್ಟಾದದ್ದು 2023–24ರ ಋತುವಿನಲ್ಲಿ.

ಆ ಋತುವನ್ನು ಜಗತ್ತು ನೆನಪಿಟ್ಟುಕೊಂಡಿರುವುದು ಲೆವರ್‌ಕೂಸನ್‌ನಿಂದಾಗಿ. ಶಾಬಿ ಅಲೊನ್ಸೊ ತರಬೇತಿಯ ಆ ತಂಡ 34 ಪಂದ್ಯಗಳಲ್ಲಿ 28 ಗೆದ್ದು, 6 ಡ್ರಾ ಮಾಡಿಕೊಂಡು, ಒಂದನ್ನೂ ಸೋಲದೆ 90 ಅಂಕಗಳೊಂದಿಗೆ ಚಾಂಪಿಯನ್ ಆಯಿತು. ಸತತ 11 ವರ್ಷ ಪ್ರಶಸ್ತಿಯನ್ನು ತನ್ನಲ್ಲೇ ಇಟ್ಟುಕೊಂಡಿದ್ದ ಬಯರ್ನ್ ಮ್ಯೂನಿಕ್ ಮೂರನೇ ಸ್ಥಾನಕ್ಕೆ ಇಳಿಯಿತು. ಎರಡನೆಯದು ನಮ್ಮ ಸ್ಟುಟ್‌ಗಾರ್ಟ್. ಅದರ ಹಿಂದಿನ ವರ್ಷ 16ನೇ ಸ್ಥಾನಕ್ಕೆ ಕುಸಿದು, ಹ್ಯಾಂಬರ್ಗ್ ವಿರುದ್ಧ ಪ್ಲೇ-ಆಫ್ ಆಡಿ ಮೊದಲ ದರ್ಜೆಯಲ್ಲಿ ಉಳಿದುಕೊಂಡಿದ್ದ ತಂಡವದು. ಏಪ್ರಿಲ್ ಕೊನೆಯಲ್ಲಿ ಲೆವರ್‌ಕೂಸನ್‌ನ ಮೈದಾನದಲ್ಲಿ ನಾವು 2–1ರಿಂದ ಮುಂದಿದ್ದೆವು. ಹೆಚ್ಚುವರಿ ಸಮಯದ ಆರನೇ ನಿಮಿಷದಲ್ಲಿ ಬಿದ್ದ ಗೋಲು ಅವರ ಅಜೇಯ ದಾಖಲೆಯನ್ನು ಉಳಿಸಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದರೆ ಅದೇ ಋತುವಿನ ಮತ್ತೊಂದು ಹೋರಾಟ ನಡೆದದ್ದು ಪ್ರೇಕ್ಷಕರ ಸಾಲುಗಳಲ್ಲಿ. ಪ್ರಸಾರ ಹಕ್ಕಿನ ಆದಾಯದಲ್ಲಿ ಶೇ 8ರಷ್ಟನ್ನು 20 ವರ್ಷಗಳ ಮಟ್ಟಿಗೆ ಹೂಡಿಕೆದಾರರಿಗೆ ಬಿಟ್ಟುಕೊಟ್ಟು ಸುಮಾರು 100 ಕೋಟಿ ಯೂರೋ ಪಡೆಯಲು ಲೀಗ್ ಆಡಳಿತ ಯೋಚಿಸಿತ್ತು. 2023ರ ಡಿಸೆಂಬರ್‌ನಲ್ಲಿ ನಡೆದ ಗುಪ್ತ ಮತದಾನದಲ್ಲಿ ಮೊದಲ ಎರಡು ದರ್ಜೆಗಳ 36 ಕ್ಲಬ್‌ಗಳ ಪೈಕಿ 24 ಒಪ್ಪಿದವು. ಮೂರನೇ ಎರಡರಷ್ಟು ಬಹುಮತಕ್ಕೆ ಬೇಕಾಗಿದ್ದುದು ಸರಿಯಾಗಿ ಅಷ್ಟೇ. ವಿರೋಧವಾಗಿ ಮತ ಹಾಕುವಂತೆ ಹ್ಯಾನೋವರ್‌ನ ಮೂಲ ಕ್ಲಬ್ ತನ್ನ ಪ್ರತಿನಿಧಿಗೆ ಸೂಚಿಸಿದ್ದರೂ ಆತ ಪರವಾಗಿ ಹಾಕಿರಬಹುದು ಎಂಬ ಅನುಮಾನ ಹಬ್ಬಿದ ಮೇಲಂತೂ ಅಭಿಮಾನಿಗಳು ಸುಮ್ಮನಿರಲಿಲ್ಲ. ಮೊದಲ 12 ನಿಮಿಷ ಯಾರೂ ಹಾಡದೆ, ಕೂಗದೆ ಮೌನವಾಗಿದ್ದರು. ಆ ಪಂದ್ಯಗಳನ್ನು ಟಿವಿಯಲ್ಲಿ ನೋಡುವಾಗ ಕೋಚ್ ಆಟಗಾರರ ಹೆಸರು ಹಿಡಿದು ಕೂಗುವುದು, ಚೆಂಡಿಗೆ ಬೂಟು ತಾಗುವುದು ಎಲ್ಲವೂ ಕೇಳಿಸುತ್ತಿತ್ತು. ಆಮೇಲೆ ಮೈದಾನಕ್ಕೆ ಟೆನಿಸ್ ಚೆಂಡುಗಳೂ ಚಾಕೊಲೇಟ್ ನಾಣ್ಯಗಳೂ ಬಿದ್ದವು. ಆಟಗಾರರೇ ಬಾಗಿ ಬಾಗಿ ಅವನ್ನು ಹೆಕ್ಕಿದರು, ರೆಫರಿಗಳು ಆಟ ನಿಲ್ಲಿಸಿದರು. ವಾರಗಟ್ಟಲೆ ಇದು ನಡೆದು, 2024ರ ಫೆಬ್ರವರಿ 21ರಂದು ಲೀಗ್ ಆಡಳಿತ ಇಡೀ ಪ್ರಸ್ತಾವವನ್ನು ಕೈಬಿಟ್ಟಿತು.

ಆ ವರ್ಷದ ಜುಲೈನಲ್ಲಿ ಸ್ಟುಟ್‌ಗಾರ್ಟ್ ಕ್ರೀಡಾಂಗಣದಲ್ಲೇ ಸೇರಿದ ಸದಸ್ಯರ ಸಭೆಗೆ ಹೋಗಿದ್ದೆ. ಪಕ್ಕದಲ್ಲಿ ಕೂತಿದ್ದ ವೃದ್ಧೆಯೊಬ್ಬರು ಲೆಕ್ಕಪತ್ರದ ಸಾಲುಗಳ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದುಕೊಂಡು ಬಂದಿದ್ದರು. ತಮ್ಮ ಸರದಿ ಬಂದಾಗ ಮೈಕಿನ ಮುಂದೆ ನಿಂತು ಮೂರು ಪ್ರಶ್ನೆ ಕೇಳಿ, ಮೂರಕ್ಕೂ ಉತ್ತರ ಪಡೆದೇ ವಾಪಸು ಬಂದರು. ಲೀಗ್‌ನಲ್ಲಿ ಎರಡನೇ ಸ್ಥಾನ ಗಳಿಸಿ ಎರಡು ತಿಂಗಳಷ್ಟೇ ಕಳೆದಿದ್ದ ಕ್ಲಬ್‌ನ ಅಧ್ಯಕ್ಷರನ್ನು ಅಂದು ಸದಸ್ಯರು ಮತ ಹಾಕಿ ಕೆಳಗಿಳಿಸಿದರು. ಅಲ್ಲಿ ಕೂತಿದ್ದಾಗ ನನಗೆ ನೆನಪಾದದ್ದು ನಮ್ಮೂರಿನ ಹಾಲಿನ ಸೊಸೈಟಿಯ ವಾರ್ಷಿಕ ಸಭೆ: ಅದೇ ಗದ್ದಲ, ಅದೇ ಲೆಕ್ಕದ ಜಗಳ, ಅದೇ ಹಕ್ಕಿನ ದನಿ.

ಆದ್ದರಿಂದಲೇ ಇದು ಯುರೋಪಿನವರಿಗೆ ಮಾತ್ರ ಒಗ್ಗುವ ವ್ಯವಸ್ಥೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗದಗದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಲೆವರ್‌ಕೂಸನ್ ಕ್ಲಬ್ಬನ್ನು 1904ರಲ್ಲಿ ಆರಂಭಿಸಿದವರು ಔಷಧ ತಯಾರಿಸುವ ಬಾಯರ್ ಕಾರ್ಖಾನೆಯ ನೌಕರರು. ನಮ್ಮ ಎಚ್‌ಎಎಲ್‌, ಐಟಿಐ ಕಾರ್ಖಾನೆಗಳ ತಂಡಗಳೂ ರಾಷ್ಟ್ರೀಯ ಲೀಗ್‌ನಲ್ಲಿ ಆಡಿದ್ದುಂಟು. ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಜನರಿಗೆ, 54 ವರ್ಷಗಳ ನಂತರ 2023ರಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ಮರಳಿ ತಂದ ರಾಜ್ಯಕ್ಕೆ, ಆಟದ ಮೇಲೆ ಪ್ರೀತಿ ಕಡಿಮೆಯೆಂದು ಯಾರೂ ಹೇಳಲಾರರು. ಹೀಗಿದ್ದೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ 700 ಕೋಟಿ ರೂಪಾಯಿಗೆ ಮಾಡಿಕೊಂಡ ವಾಣಿಜ್ಯ ಹಕ್ಕಿನ 15 ವರ್ಷಗಳ ಒಪ್ಪಂದ ಮುಗಿಯುತ್ತ ಬಂದರೂ ಅದರ ಜಾಗಕ್ಕೆ ಹೊಸದು ಆಗದ್ದರಿಂದ 2025ರ ದೀಪಾವಳಿ ಕಳೆದರೂ ಲೀಗ್‌ನ ವೇಳಾಪಟ್ಟಿ ಹೊರಬೀಳಲಿಲ್ಲ. ಆ ಒಪ್ಪಂದ ಎಂದು ಮುಗಿಯುತ್ತದೆ ಎನ್ನುವುದು ಸಹಿ ಹಾಕಿದ ದಿನವೇ ಗೊತ್ತಿತ್ತು. ಕಂಠೀರವದ ಪಶ್ಚಿಮ ಭಾಗದಲ್ಲಿ ನಿಂತು ತೊಂಬತ್ತು ನಿಮಿಷವೂ ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳಿಗೆ ಅದನ್ನು ಮೊದಲೇ ಎತ್ತಿ ಕೇಳಲು ಒಂದು ಸಭೆಯಿಲ್ಲ, ಒಂದು ಮೈಕಿಲ್ಲ.

ಇಷ್ಟು ಬರೆದ ಮೇಲೆ ಒಪ್ಪಿಕೊಳ್ಳಲೇಬೇಕಾದ ಸಂಗತಿಗಳಿವೆ. ನಾನು ಇಷ್ಟು ಹೊಗಳಿದ ನಿಯಮದಿಂದ ಲೆವರ್‌ಕೂಸನ್‌ಗೇ ವಿನಾಯಿತಿಯಿದೆ. ಅದು ಇಂದಿಗೂ ಬಾಯರ್ ಕಂಪನಿಯ ತಂಡ, ಬಯರ್ನ್‌ನ ಏಕಸ್ವಾಮ್ಯ ಮುರಿದದ್ದು ಆ ತಂಡವೇ. ಸದಸ್ಯರ ಬಹುಮತದ ಲೀಗ್ 11 ವರ್ಷ ಒಂದೇ ತಂಡಕ್ಕೆ ಪ್ರಶಸ್ತಿ ಒಪ್ಪಿಸಿತ್ತು ಎಂಬುದೂ ಸುಳ್ಳಲ್ಲ. ಇನ್ನು, 2013ರಲ್ಲಿ ಒಂದು ಉದ್ಯಮ ಸಮೂಹ ಹಣ ಹಾಕಿ ನಿಲ್ಲದಿದ್ದರೆ ಬೆಂಗಳೂರು ಎಫ್‌ಸಿ ಹುಟ್ಟುತ್ತಲೇ ಇರಲಿಲ್ಲ. ಆಡಿದ ಮೊದಲ ಋತುವಿನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆಲ್ಲುವುದು, 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿಕೊಳ್ಳುವುದು, 2018–19ರಲ್ಲಿ ಸೂಪರ್ ಲೀಗ್ ಗೆಲ್ಲುವುದು, ಇವೆಲ್ಲ ಚಂದಾ ಎತ್ತಿ ಆಗುವ ಕೆಲಸಗಳಲ್ಲ. ಸಂಬಳ ನಿಲ್ಲಿಸಿದಾಗ ಅದರ ಮಾಲೀಕರಿಗೂ ಲೀಗ್ ನಡೆಯುವುದೋ ಇಲ್ಲವೋ ತಿಳಿದಿರಲಿಲ್ಲ. ಬಹುಮತ ಅವರಲ್ಲೇ ಇರಲಿ. ಆಡಳಿತ ಮಂಡಳಿಯಲ್ಲಿ ಅಭಿಮಾನಿಗಳು ತಾವೇ ಆರಿಸಿ ಕಳಿಸಿದ ಒಬ್ಬರಿಗೆ ಸ್ಥಾನ ಕೊಡಲಿ, ಲೀಗ್‌ನ ಮುಂದಿನ ಒಪ್ಪಂದದ ಕರಡನ್ನು ಸಹಿ ಬೀಳುವ ಮುಂಚೆ ಅವರಿಗೆ ಓದಲು ಕೊಡಲಿ.